ಆರು ಪರದೆಗಳ ಮೇಲೆ ಪಂಕಜಾಕ್ಷಿ

ಹೊಳಬಸಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ನಂಬುವುದಿಲ್ಲ. ಹೊಟ್ಟೆಕಿಚ್ಚು ಒಂದಿರದಿದ್ದರೆ ಪುಣೆಯ ಧನಕವಡಿಯಲ್ಲಿ ಅವನಂಥ ಮನುಷ್ಯ ಇನ್ನೊಬ್ಬ ಸಿಗುತ್ತಿರಲಿಲ್ಲ. ಆದರೆ ಅದೊಂದಿತ್ತು, ಮತ್ತು ಬೇಕಾದಷ್ಟಿತ್ತು.

ಅವನು ಸವದತ್ತಿ ಕಡೆಯವನು. ಎಂಬತ್ತೇಳರಲ್ಲಿ ಪುಣೆಗೆ ಬಂದು ಲಕ್ಷ್ಮೀ ರೋಡಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾದ. ತೊಂಬತ್ಮೂರರಲ್ಲಿ ಓಣಿ ಓಣಿಗೂ ಕೇಬಲ್ ಟಿವಿ ಬಂದಾಗ ಗುಮಾಸ್ತಿಕೆ ಬಿಟ್ಟು, ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಮಾಳಿಗೆ ಹತ್ತಿದ. ಧನಕವಡಿಯ ಅರ್ಧ ಮನೆಗಳಿಗೆ ಚಿತ್ರ ತಂದವನು ಅವನೇ. ನಾಲ್ಕು ವರ್ಷ ಕಳೆದ ಮೇಲೆ ಹಳೆಯ ವಿಡಿಯೊ ಕ್ಯಾಮರಾ ಒಂದನ್ನು ಕೊಂಡು, ಪ್ರತಿ ಭಾನುವಾರ ಬೆಳಿಗ್ಗೆ ಅರ್ಧ ತಾಸು ಕನ್ನಡ ಕಾರ್ಯಕ್ರಮ ಶುರು ಮಾಡಿದ. ಯಾರ ಮನೆಯಲ್ಲಿ ಲಗ್ನ, ಕನ್ನಡ ಸಂಘದಲ್ಲಿ ಏನು ಭಾಷಣ, ಯಾರ ಮಗಳು ಹತ್ತನೆಯ ಇಯತ್ತೆಯಲ್ಲಿ ಎಷ್ಟು ಮಾರ್ಕು ತೆಗೆದಳು, ಇಂಥವೇ ವಾರ್ತೆ. ಓದುವವಳು ಹೆಂಡತಿ ಪಂಕಜಾಕ್ಷಿ. ಕಪಾಟಿನ ಮುಂದೆ ಪರದೆ ಇಳಿಬಿಟ್ಟು ಅವಳನ್ನು ಕೂರಿಸುತ್ತಿದ್ದ. ಓಣಿಯ ಕನ್ನಡದ ಹೆಂಗಸರು ಭಾನುವಾರ ಅವಳ ವಾರ್ತೆ ಮುಗಿದ ಮೇಲೇ ಒಲೆ ಹಚ್ಚುತ್ತಿದ್ದರು.

ಹೊಗಳಿಕೆ ಬಂದರೆ ಅರ್ಧ ತನಗೂ ಬರಬೇಕು ಅನ್ನುವುದು ಹೊಳಬಸಪ್ಪನ ಲೆಕ್ಕ. ತರಕಾರಿ ಅಂಗಡಿಯಲ್ಲಿ ಯಾರಾದರೂ "ಪಂಕಜಾಕ್ಷಿಬಾಯಿ, ಭಾಳ ಛಂದ ಓದ್ತೀರಿ" ಅಂದರೆ, ಇವನು ಚೀಲ ಹಿಡಿದು ಪಕ್ಕದಲ್ಲೇ ನಿಂತು "ಲೈಟು ನಂದ್ರಿ" ಅನ್ನುತ್ತಿದ್ದ. ಯಾರೂ ಲೈಟಿನ ಮಾತು ಮುಂದುವರಿಸುತ್ತಿರಲಿಲ್ಲ. ಮನೆಗೆ ಬಂದು ಅವತ್ತಿನ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಅನ್ನುತ್ತಿದ್ದ.

ಸಿಟ್ಟು ತೀರಿಸಿಕೊಳ್ಳಲು ಅವನದೊಂದು ವಿದ್ಯೆಯಿತ್ತು. ಕೇಬಲಿನ ತಂತಿಯನ್ನು ಒಡೆದು ಎರಡು ಮೂರು ಕಡೆಗೆ ಹಂಚುವ ಬೆರಳುದ್ದದ ಡಬ್ಬಿಗೆ ಸ್ಪ್ಲಿಟರ್ ಅನ್ನುತ್ತಾರೆ. ಒಂದೇ ತಂತಿಯನ್ನು ಹೆಚ್ಚು ಕಡೆ ಹಂಚಿದಷ್ಟೂ ಎಲ್ಲರ ಚಿತ್ರವೂ ತೆಳ್ಳಗಾಗುತ್ತದೆ, ಪರದೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಚುಕ್ಕೆ ಬೀಳುತ್ತವೆ. ಓಣಿಯಲ್ಲಿ ಯಾರಾದರೂ ಅವನ ಜೊತೆ ಜಗಳ ತೆಗೆದರೆ, ಮಾಳಿಗೆ ಹತ್ತಿ ಅವರ ತಂತಿಗೆ ಎರಡು ಸ್ಪ್ಲಿಟರ್ ಸಿಕ್ಕಿಸಿ ಬರುತ್ತಿದ್ದ. ಚಿತ್ರ ಪೂರ್ತಿ ಹೋಗುತ್ತಿರಲಿಲ್ಲ, ಕಣ್ಣು ನೋಯುವಷ್ಟು ಕೆಡುತ್ತಿತ್ತು. ಒಂದು ವಾರಕ್ಕೆ ಅವರೇ ಬಂದು ಮಾತಾಡಿಸುತ್ತಿದ್ದರು. ಪಂಕಜಾಕ್ಷಿಗೆ ಈ ಕಾರಭಾರವೆಲ್ಲ ಗೊತ್ತಿತ್ತು. ನಕ್ಕು ಸುಮ್ಮನಾಗುತ್ತಿದ್ದಳು.

ಎರಡು ಸಾವಿರದ ಒಂದರಲ್ಲಿ ದೊಡ್ಡ ಕಂಪನಿಯೊಂದು ಓಣಿಯ ಕೇಬಲನ್ನೆಲ್ಲ ನುಂಗಿ, ಭಾನುವಾರದ ಅರ್ಧ ತಾಸನ್ನು ಕಿತ್ತು ಹಾಕಿತು. ಹೊಳಬಸಪ್ಪ ಲಗ್ನ, ಮುಂಜಿವೆ, ಕೂಸಿಗೆ ಹೆಸರಿಡುವ ಬಾರಸೆಗಳ ವಿಡಿಯೊ ತೆಗೆಯುವವನಾದ. ಪಂಕಜಾಕ್ಷಿ ಓದುವುದನ್ನು ಬಿಟ್ಟಳು.

ಎರಡು ವರ್ಷದ ಮೇಲೆ, ಒಂದು ಶನಿವಾರ, ಶಿವರಾಜ ಮನೆಗೆ ಬಂದ. ತುಮಕೂರಿನ ಕಡೆಯವನು, ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮೂವತ್ತೂ ದಾಟಿರದ ವಯಸ್ಸು. ಸಂಘದವರು ವಿಳಾಸ ಕೊಟ್ಟಿದ್ದರು.

"ಸರ್, ನಾವು ಫ್ರೆಂಡ್ಸ್ ಸೇರ್ಕೊಂಡು ಎರಡು ಚಾನೆಲ್ ಲಾಂಚ್ ಮಾಡ್ತಾ ಇದೀವಿ. ಒಂದು ನ್ಯೂಸ್, ಒಂದು ಎಂಟರ್‌ಟೈನ್‌ಮೆಂಟ್. ಎರಡೂ ಇಂಟರ್ನೆಟ್ಟಲ್ಲಿ, ಲೈವ್. ಡಿಶ್ ಬೇಡ, ಕೇಬಲ್ ಬೇಡ. ರಾಜ್ಯೋತ್ಸವದ ದಿನ ಸಂಜೆ ಆರಕ್ಕೆ ಫಸ್ಟ್ ನ್ಯೂಸ್."

ಕೇಬಲ್ ಬೇಡ ಅಂದದ್ದು ಹೊಳಬಸಪ್ಪನಿಗೆ ಚುಚ್ಚಿತು. ಆದರೂ ತಡೆದುಕೊಂಡ. ಹುಡುಗ ತನ್ನನ್ನು ಹುಡುಕಿಕೊಂಡು ಬಂದಿದ್ದಾನಲ್ಲ, ಧನಕವಡಿಯಲ್ಲಿ ಚಾನೆಲ್ಲು ನಡೆಸಿದ ಹಿರಿಯ ಅಂತ. ಎದ್ದು ಹೋಗಿ ಕಪಾಟಿನಿಂದ ಕ್ಯಾಮರಾ ತಂದು ಟೀಪಾಯಿಯ ಮೇಲಿಟ್ಟ.

"ಅಯ್ಯೋ, ಕ್ಯಾಮರಾ ಬೇಡ ಸರ್" ಅಂದ ಶಿವರಾಜ, ಬಹಳ ಮರ್ಯಾದೆಯಿಂದ. ಜೇಬಿನಿಂದ ಕಂಪ್ಯೂಟರಿಗೆ ಸಿಕ್ಕಿಸುವ, ನಿಂಬೆಹಣ್ಣಿನ ಗಾತ್ರದ ಒಂದು ಕ್ಯಾಮರಾ ಕಣ್ಣು ತೆಗೆದು ತೋರಿಸಿದ. "ಇದೇ ಸಾಕು. ನಮಗೆ ಬೇಕಾಗಿರೋದು ಮೇಡಮ್ಮು."

ಹೊಳಬಸಪ್ಪ ಏನೂ ಹೇಳುವ ಮೊದಲೇ ಪಂಕಜಾಕ್ಷಿ ಅಡಿಗೆಮನೆಯ ಬಾಗಿಲಿಗೆ ಬಂದಿದ್ದಳು. "ಬೆಳಗಾವಿಯಾಗ ಕುಂತು ನೋಡಬಹುದೇನ್ರಿ ಇದನ್ನ?"

"ಎಲ್ಲಿ ಬೇಕಾದ್ರೂ, ಮೇಡಂ."

ಅವಳು ಬೆಳಗಾವಿ ಅಂದದ್ದು ಅಕ್ಕನಿಗಾಗಿ. ರುದ್ರವ್ವ ಬೈಲಹೊಂಗಲದಲ್ಲಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಬಾಯಾರು. ತಾಯಿ ಸತ್ತಾಗ ಪಂಕಜಾಕ್ಷಿಗೆ ಐದು ವರ್ಷ. ತಂಗಿಯನ್ನು ಬೆಳೆಸಿದವಳು ರುದ್ರವ್ವ, ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿ ಪೇಪರು ಗಟ್ಟಿಯಾಗಿ ಓದಿಸಿದವಳೂ ಅವಳೇ. ಅಷ್ಟು ಕಲಿಸಿದವಳು ತಂಗಿಯ ವಾರ್ತೆಯನ್ನು ಒಮ್ಮೆಯೂ ನೋಡಿರಲಿಲ್ಲ. ಧನಕವಡಿಯ ತಂತಿ ಧನಕವಡಿಯಲ್ಲೇ ಮುಗಿಯುತ್ತಿತ್ತು. ಕ್ಯಾಸೆಟ್ಟಾದರೂ ಕಳಿಸೋಣ ಅಂದರೆ, ಹೊಳಬಸಪ್ಪ ಒಂದೇ ಕ್ಯಾಸೆಟ್ಟಿನ ಮೇಲೆ ವಾರ ವಾರವೂ ಹೊಸದನ್ನು ಬರೆಯುತ್ತಿದ್ದ. ಪಂಕಜಾಕ್ಷಿ ಕೇಳಿದಾಗಲೆಲ್ಲ ಹಳೆಯದು ಅಳಿಸಿ ಹೋಗಿರುತ್ತಿತ್ತು. ರುದ್ರವ್ವನ ನೌಕರಿಗೆ ಇನ್ನೆರಡು ವರ್ಷ ಉಳಿದಿತ್ತು, ಕಣ್ಣಿನ ಪೊರೆ ಬೇರೆ ಬೆಳೆಯುತ್ತಿತ್ತು. ಸುದ್ದಿ ತಿಳಿದ ದಿನವೇ ಅವಳು ಹೇಳಿ ಕಳಿಸಿದಳು: ಬಸ್ಸು ಹತ್ತಿ ಬೆಳಗಾವಿಗೆ ಹೋಗಿ, ಟಿಳಕವಾಡಿಯ ಗೆಳತಿಯ ಮನೆಯಲ್ಲಿ ಇಳಿದು, ಹತ್ತಿರದ ನೆಟ್ ಕೆಫೆಯಲ್ಲಿ ಒಂದು ಕಂಪ್ಯೂಟರ್ ಹಿಡಿದು ಕೂರುತ್ತೇನೆ ಅಂತ.

ಆ ಹದಿನೈದು ದಿನ ಹೊಳಬಸಪ್ಪನ ಪಾಡು ಹೇಳತೀರದು. ಪಂಕಜಾಕ್ಷಿ ಕನ್ನಡಿಯ ಮುಂದೆ ಓದುತ್ತಿದ್ದಳು, ಓದುವಾಗ ತನ್ನಷ್ಟಕ್ಕೆ ನಗುತ್ತಿದ್ದಳು. ಶಿವರಾಜನ ಫೋನು ಬಂದರೆ "ಹೌದ್ರಿ, ಹಂಗ ಮಾಡೋಣ್ರಿ" ಅನ್ನುವ ದನಿಯಲ್ಲಿ ಒಂದು ಹುರುಪು. ಆ ಹುರುಪು ನನ್ನ ಕ್ಯಾಮರಾದ ಮುಂದೆ ಯಾಕಿರಲಿಲ್ಲ? ಅವಳೇನೂ ತಪ್ಪು ಮಾಡುತ್ತಿಲ್ಲ ಅಂತ ಅವನಿಗೆ ಗೊತ್ತಿತ್ತು. ಹುಡುಗ ತಮ್ಮನ ವಯಸ್ಸಿನವನು, ಅದೂ ಗೊತ್ತಿತ್ತು. ಗೊತ್ತಿದ್ದರೂ ಎದೆಯೊಳಗೆ ಸುಡುವುದು ನಿಲ್ಲಲಿಲ್ಲ. ತಾನು ಎಂಟು ವರ್ಷ ಮಾಳಿಗೆ ಹತ್ತಿ ಇಳಿದು ಕಟ್ಟಿದ್ದನ್ನು ಆ ನಿಂಬೆಹಣ್ಣು ಎರಡು ವಾರದಲ್ಲಿ ಎತ್ತಿಕೊಂಡು ಹೋಯಿತಲ್ಲ.

"ನೀವೂ ಬರ್ರಿ ಹಿಂಜವಾಡಿಗೆ" ಅಂದಳು ಪಂಕಜಾಕ್ಷಿ, ಹಿಂದಿನ ದಿನ.

"ನನಗ ಬಿಬ್ವೇವಾಡಿಯೊಳಗ ಬಾರಸೆ ಶೂಟಿಂಗ್ ಅದ" ಅಂದ. ಯಾವ ಬಾರಸೆಯೂ ಇರಲಿಲ್ಲ.

ನವೆಂಬರ್ ಒಂದರಂದು ಮಧ್ಯಾಹ್ನವೇ, ಅವಳು ತಲೆ ಬಾಚಿಕೊಳ್ಳುತ್ತಿರುವಾಗಲೇ, ಕ್ಯಾಮರಾ ಚೀಲ ಹಾಕಿಕೊಂಡು ಮನೆ ಬಿಟ್ಟ. ಐದೂವರೆಗೆ ಓಣಿಯ ಮೂಲೆಯ ಅವಧೂತನ ಸೈಬರ್ ಕೆಫೆಗೆ ಬಂದ. ಅಲ್ಲಿದ್ದದ್ದು ಆರು ಕಂಪ್ಯೂಟರು. ಆರನ್ನೂ ಒಂದು ತಾಸಿಗೆ ಕೊಡು ಅಂದ.

"ಸಹಾಚ್ಯಾ ಸಹಾ? ಪಾವ್ಣೇ ಆಲೇತ್ ಕಾ, ಕಾಕಾ?" ಅಂದ ಅವಧೂತ. ಆರಕ್ಕೆ ಆರೂ ಬೇಕೆಂದರೆ ಮನೆಗೆ ನೆಂಟರು ಬಂದಿರಬೇಕು ಅಂದುಕೊಂಡ.

ಹೊಳಬಸಪ್ಪ ಹೌದೆಂದು ತಲೆಯಾಡಿಸಿದ. ಅವನ ಯೋಚನೆ ಮಾಳಿಗೆಯ ಮೇಲಿನದೇ. ಒಂದು ತಂತಿಯನ್ನು ಆರು ಕಡೆ ಒಡೆದರೆ ಎಲ್ಲರ ಚಿತ್ರವೂ ತೆಳ್ಳಗಾಗಬೇಕು. ಪುಣೆಯ ಕನ್ನಡದವರೆಲ್ಲ ನೋಡಲಿ, ಚುಕ್ಕೆ ಚುಕ್ಕೆ ಬಿದ್ದ ಮುಖ ನೋಡಲಿ, ಹೊಳಬಸಪ್ಪನ ಚಿತ್ರವೇ ಸ್ವಚ್ಛ ಇತ್ತಪ್ಪಾ ಅನ್ನಲಿ. ಅವನಿಗೆ ಬೇಕಿದ್ದದ್ದು ಅಷ್ಟೇ. ರುದ್ರವ್ವನ ನೆನಪು ಬರಲಿಲ್ಲವೇ ಅಂದರೆ, ಬಂತು. ಸ್ವಲ್ಪ ಮಸುಕಾದರೂ ಮುಖ ಕಾಣುತ್ತದೆ, ತಂಗಿಯ ದನಿಯಂತೂ ಕೇಳುತ್ತದೆ ಅಂತ ಸಮಾಧಾನ ಮಾಡಿಕೊಂಡ.

ಇಂಟರ್ನೆಟ್ಟಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಶಿವರಾಜ ಬಾಡಿಗೆಗೆ ಹಿಡಿದಿದ್ದ ಸಣ್ಣ ಸರ್ವರಿನಲ್ಲಿ ಒಮ್ಮೆಗೆ ಇಪ್ಪತ್ತೈದು ಕಂಪ್ಯೂಟರುಗಳಿಗಷ್ಟೇ ಜಾಗ. ಇಪ್ಪತ್ತಾರನೆಯದಕ್ಕೆ ಮಸುಕು ಚಿತ್ರವಲ್ಲ, ಚಿತ್ರವೇ ಇಲ್ಲ. ಹೊಳಬಸಪ್ಪ ಅವಧೂತನ ಕೈಯಿಂದ ಒಂದೊಂದಾಗಿ ಆರು ಕಡೆ ಚಾನೆಲ್ಲು ತೆರೆಸಿದಾಗ ಆರಕ್ಕೆ ಹತ್ತು ನಿಮಿಷವಿತ್ತು.

ಆರಕ್ಕೆ ಪಂಕಜಾಕ್ಷಿ ಬಂದಳು. ಅವಧೂತನ ಕೆಫೆಗೆ ಇದ್ದದ್ದೂ ಒಂದು ಬಡಕಲು ಲೈನು, ಹಾಗಾಗಿ ಆರೂ ಪರದೆಗಳು ತಡವರಿಸಿಕೊಂಡು ನಡೆದವು. ಒಂದರಲ್ಲಿ ನಮಸ್ಕಾರ ಅಂದು ಮುಗಿಸಿದ್ದಳು, ಮತ್ತೊಂದರಲ್ಲಿ ಈಗಷ್ಟೇ ಕೈ ಮುಗಿಯುತ್ತಿದ್ದಳು. ಒಂದೇ ವಾರ್ತೆಯನ್ನು ಆರು ಪಂಕಜಾಕ್ಷಿಯರು ಹಿಂದೆ ಮುಂದೆ ಓದಿದರು. ಮೊದಮೊದಲು ಹೊಳಬಸಪ್ಪನಿಗೆ ಖುಷಿಯೇ ಆಯಿತು, ಕೆಡುತ್ತಿದೆ, ಇನ್ನೂ ಕೆಡಲಿ ಅಂತ. ಆಮೇಲೆ ಅವನ ಕಣ್ಣು ಮೂಲೆಯ ಪರದೆಯಲ್ಲಿ ನಿಂತುಬಿಟ್ಟಿತು. ಅವಳು ಕಾಗದದಿಂದ ತಲೆ ಎತ್ತಿ ನೇರ ನೋಡುತ್ತಿದ್ದಳು. ನಾಲ್ಕು ವರ್ಷ ಅವನ ಕ್ಯಾಮರಾದ ಮುಂದೆ ಅವಳು ತಲೆ ಎತ್ತಿದ್ದಿಲ್ಲ. ಅಲುಗಾಡಬ್ಯಾಡ, ಫೋಕಸ್ ಹೋಗ್ತದ ಅಂತ ಗದರಿಸಿ ಗದರಿಸಿ ಕೂರಿಸಿದವನು ಅವನೇ. ಇಷ್ಟು ಚಂದದ ಮುಖ ತನ್ನ ಮನೆಯಲ್ಲಿತ್ತು, ತಾನು ತೆಗೆಯಲಿಲ್ಲ. ಹೊಟ್ಟೆಕಿಚ್ಚು ಹೋಗಲಿಲ್ಲ, ಇನ್ನಷ್ಟು ಕೆಂಡವಾಯಿತು. ಕೊನೆಯವರೆಗೂ ಕಣ್ಣು ಕೀಳದೆ ನೋಡಿದ.

ಮನೆಗೆ ಬಂದು ಬೀಗ ತೆಗೆದು, ಬಾಗಿಲು ಹಾಗೇ ಬಿಟ್ಟು ಕೂತ. ಪಂಕಜಾಕ್ಷಿ ಇನ್ನೂ ಬಂದಿರಲಿಲ್ಲ. ಏಳೂವರೆಗೆ ಫೋನು ಹೊಡೆಯಿತು. ರುದ್ರವ್ವ.

"ಹೊಳಬಸಪ್ಪಾವ್ರ, ಆಕಿ ಬಂದಾಳೇನು? ಇನ್ನೂ ಇಲ್ಲ? ಛಲೋ ಆತು ಬಿಡ್ರಿ. ನನಗ ನೋಡೋದಾಗಲಿಲ್ಲ. ಆರಕ್ಕ ಐದು ನಿಮಿಷ ಇದ್ದಾಗಿಂದ ಆರೂವರಿಗೆ ವಾರ್ತಾ ಮುಗಿಯೋ ತನಕ ಕುಂತೆ. ಮಂದಿ ತುಂಬ್ಯಾರ, ಜಾಗ ಇಲ್ಲ ಅಂತ ಬರಾಕತ್ತಿತ್ತು. ಅಂಗಡಿಯವ ಭಾಳ ಪ್ರಯತ್ನ ಮಾಡಿದ, ಪಾಪ."

ಆರು ಜಾಗ ಹಿಡಿದವನು ತಾನೇ ಅಂತ ಹೊಳಬಸಪ್ಪನಿಗೆ ಆಗ ತಿಳಿಯಿತು.

"ಇರ್ಲಿ, ನಮ್ಮ ಪಂಕಜಾನ್ನ ನೋಡಲಿಕ್ಕೆ ಅಷ್ಟು ಮಂದಿ ಬಂದ್ರಲ್ಲ" ಅಂದಳು ರುದ್ರವ್ವ. ನಗಲು ನೋಡಿದಳು, ಆಗಲಿಲ್ಲ. "ಆಕಿಗೆ ಹೇಳಬ್ಯಾಡ್ರಿ. ನೋಡೀನಿ ಅಂತನ ಹೇಳ್ತೀನಿ. ನೀವು ನೋಡಿರಬೇಕಲ್ಲ? ಯಾವ ಸೀರಿ ಉಟ್ಟಿದ್ಲು, ಏನೇನು ಓದಿದ್ಲು, ಒಂದೀಟು ಹೇಳ್ರಿ. ಇಲ್ಲಂದ್ರ ಆಕಿ ಕೇಳಿದಾಗ ಸಿಕ್ಕೊಂಡು ಬೀಳ್ತೀನಿ."

ಅವನು ಹೇಳಿದ. ಹಸಿರು ಇಳಕಲ್ ಸೀರೆ, ಕೆಂಪು ದಡಿ. ಮೊದಲು ಸಂಘದ ಧ್ವಜಾರೋಹಣದ ಸುದ್ದಿ, ಆಮೇಲೆ ಹಿಂಜವಾಡಿಯ ಟ್ರಾಫಿಕ್ಕಿನದು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. "ಭಾಳ ಛಂದ ಓದಿದ್ಲ್ರಿ, ಅಕ್ಕಾವ್ರ. ಎಲ್ಲೂ ತಡವರಿಸಲಿಲ್ಲ. ತಲಿ ಎತ್ತಿ ಹಿಂಗ ನಮ್ಮನ್ನ ನೋಡಿದ್ಲ್ರಿ. ನನ್ನ ಕ್ಯಾಮರಾದಾಗ ಆಕಿ ಎಂದೂ ಹಂಗ ಬಂದಿರಲಿಲ್ಲ" ಅಂದ. ಫೋನು ಇಟ್ಟ.

ಹಿಂದೆ ಪಂಕಜಾಕ್ಷಿ ನಿಂತಿದ್ದಳು, ಒಂದು ಕಾಲಿನ ಚಪ್ಪಲಿ ಬಿಚ್ಚಿ, ಇನ್ನೊಂದು ಬಿಚ್ಚದೆ. ಮುಖ ಅರಳಿತ್ತು.

"ನೀವು ನೋಡಿದ್ರಿ? ಬಾರಸೆ ಅಂತ ಹೇಳಿ ನೋಡಲಿಕ್ಕೆ ಹೋಗಿದ್ರಿ?"

"ಹೂಂ. ಅವಧೂತನ ಕೆಫೆಯೊಳಗ."

"ಹಂಗಾದ್ರ ಅವರು ನೀವನ! ಯಾವುದೋ ಕೆಫೆಯೊಳಗ ಒಂದ ಲೈನಿಗೆ ಆರು ಕಂಪ್ಯೂಟರ್ ಹಚ್ಚಿದ್ರಂತ, ಸರ್ವರಿನ್ಯಾಗ ಕಾಣಿಸ್ತಂತ, ಶಿವರಾಜ ಕುಣಿದಾಡಾಕತ್ತಿದ್ದ. ಇಪ್ಪತ್ತೈದೂ ತುಂಬಿದ್ವಂತ. ಯಾರ್ಯಾರನ್ನ ಕರಕೊಂಡು ಹೋಗಿದ್ರಿ?"

ಓಣಿಯ ನಾಲ್ಕು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ರುದ್ರವ್ವ ಸುಳ್ಳು ಹೇಳಲು ತಯಾರಿದ್ದಳು, ಹೆಂಡತಿ ನಂಬಲು ತಯಾರಿದ್ದಳು. ಎಂದೂ ಸಿಗದ ಅರ್ಧ ಹೊಗಳಿಕೆ ಇವತ್ತು ಪೂರ್ತಿಯಾಗಿ ಎದುರಿಗೆ ಬಂದು ನಿಂತಿತ್ತು.

"ಯಾರೂ ಇರಲಿಲ್ಲ" ಅಂದ ಹೊಳಬಸಪ್ಪ. "ಆರಕ್ಕೂ ನಾ ಒಬ್ಬನ."

ಕೇಬಲ್ಲಿನವನ ಹೆಂಡತಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಅವನನ್ನು ನೋಡಿದಳು, ಫೋನನ್ನು ನೋಡಿದಳು.

"ಅಕ್ಕಗ ಜಾಗ ಸಿಗಲಿಲ್ಲೇನು?"

ಅವನು ತಲೆ ತಗ್ಗಿಸಿದ. ಒಂದು ಬೈಗುಳ ಬಂದಿದ್ದರೆ ಅವನಿಗೆ ಹಗುರಾಗುತ್ತಿತ್ತು, ಬರಲಿಲ್ಲ. ಪಂಕಜಾಕ್ಷಿ ಪರ್ಸಿನಿಂದ ಮಡಚಿದ ಹಾಳೆಗಳನ್ನು ತೆಗೆದಳು. ಟಿಳಕವಾಡಿಯ ನಂಬರು ಹಚ್ಚಿ, ಅಕ್ಕ ಬಂದ ಮೇಲೆ "ಅಕ್ಕಾ, ಕುಂಡ್ರು" ಅಂದಳು. ನಿಂತುಕೊಂಡೇ, ನಮಸ್ಕಾರದಿಂದ ಹಿಡಿದು ವಾರ್ತೆಯೆಲ್ಲ ಓದತೊಡಗಿದಳು, ಗಟ್ಟಿಯಾಗಿ, ಒಂದೂ ಬಿಡದೆ.

ಫ್ಯಾನಿನ ಸದ್ದು ಅಡ್ಡ ಬರುತ್ತಿತ್ತು. ಹೊಳಬಸಪ್ಪ ಎದ್ದು ಹೋಗಿ ಆರಿಸಿ ಬಂದ. ಪಂಕಜಾಕ್ಷಿ ಹಾಳೆಯಿಂದ ತಲೆ ಎತ್ತಲಿಲ್ಲ.