ಅತ್ತೆಯ ಆಣೆ, ಗೆರೆಯಾಚೆಯ ಸಾಹೇಬರು

ಎಪ್ಪತ್ತರ ದಶಕದಲ್ಲಿ ಲೋಕಸಭಾ ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆದರು. ಮುದ್ದೇಬಿಹಾಳ ಸೀಮೆಯ ನಮ್ಮ ಊರು ಇಂಡಿ, ಸಿಂದಗಿ, ಬಾಗೇವಾಡಿಯವರ ಜೊತೆ ಒಂದೇ ಕ್ಷೇತ್ರಕ್ಕೆ ಬಂತು. ಅಲ್ಲಿಯತನಕ ನಾವು ವೋಟು ಹಾಕುತ್ತಿದ್ದ ಸಾಹೇಬರು ಹೊಳೆಯಾಚೆಯ ಕ್ಷೇತ್ರದಲ್ಲಿ ಉಳಿದರು. ಊರಿಗೆಲ್ಲ ಅದು ಚಹಾದಂಗಡಿಯ ಹರಟೆ. ನಮ್ಮ ಮನೆಯಲ್ಲಿ ಮಾತ್ರ ಅತ್ತೆ ಊಟ ಬಿಟ್ಟು ಕೂತರು.

ಹಿಂದಿನ ಚುನಾವಣೆಯಲ್ಲಿ ನನ್ನ ಚೊಚ್ಚಲ ಹೆರಿಗೆ ಕಷ್ಟವಾಗಿತ್ತು. ಪ್ರಚಾರಕ್ಕೆ ಬಂದಿದ್ದ ಸಾಹೇಬರು ತಮ್ಮ ಜೀಪಿನಲ್ಲೇ ನನ್ನನ್ನು ದವಾಖಾನೆಗೆ ಕಳಿಸಿದರು. ತಾಯಿ, ಮಗಳು ಇಬ್ಬರೂ ಉಳಿದೆವು. ಅತ್ತೆ ಅವರೆದುರು ದೇವರ ಅರಿಷಿಣದ ಭಂಡಾರ ಮುಟ್ಟಿ, "ನಾ ಇರೂತನಕ ನನ್ನ ವೋಟ ನಿಮಗರಿ" ಅಂತ ಆಣೆ ಮಾಡಿದ್ದರು. ಆಣೆ ಮುರಿದರೆ ಕೇಡು ಮೊಮ್ಮಗಳಿಗೆ ತಟ್ಟುತ್ತದೆ ಅನ್ನುವುದು ಅವರ ಹೆದರಿಕೆ. ಬಿಡಿಸಿಕೊಳ್ಳಬೇಕೆಂದರೆ ಆಣೆ ಪಡೆದವರೇ ಹಣೆಗೆ ಭಂಡಾರ ಹಚ್ಚಿ "ಬಿಟ್ಟೆ" ಅನ್ನಬೇಕು.

"ಈ ಸರ್ತಿ ವೋಟೇ ಹಾಕಬ್ಯಾಡ್ರಿ, ಮುಗೀತಲ್ಲ" ಅಂದೆ.

"ನಿನ್ನ ತೆಲಿ! ಹಾಕದಿದ್ರೂ ಆಣಿ ಮುರದಂಗ."

ನನಗೆ ರೇಗಿಹೋಯಿತು. ಎಲ್ಲೋ ಕೂತವರು ಗೆರೆ ಎಳೆದರೆ ನಾವ್ಯಾಕೆ ಉಪವಾಸ ಬೀಳಬೇಕು? ಆದರೂ ಮಗಳ ಕೈ ಹಿಡಿದು ಅತ್ತೆಯ ಜೊತೆ ಸಾಹೇಬರ ಊರಿನ ಬಸ್ಸು ಹತ್ತಿದೆ.

ಸಾಹೇಬರ ಅಂಗಳದ ತುಂಬ ಮಂದಿ. ಅತ್ತೆ ಸೆರಗಿನ ಗಂಟಿನಿಂದ ಭಂಡಾರ ಬಿಚ್ಚಿ ಹಿಡಿದು, ಜೀಪು, ಹೆರಿಗೆ, ಆಣೆ ಎಲ್ಲ ಹೇಳಿದರು. ನಾನು ಮಗಳನ್ನು ಮುಂದೆ ನಿಲ್ಲಿಸಿದೆ.

"ಯಾವ ಊರವ್ವಾ ನಿಂದು?" ಅಂದರು ಸಾಹೇಬರು. ಹೇಳಿದೆವು. "ಆಗಿರಬೇಕು ಬಿಡ್ರಿ. ಹಂತಾವರು ಭಾಳ ಮಂದಿ ಅದಾರ." ನಗುತ್ತಲೇ ಅತ್ತೆಯ ಹಣೆಗೆ ಭಂಡಾರ ಹಚ್ಚಿದರು. "ಬಿಟ್ಟೆ, ಹೋಗವ್ವಾ." ಅಷ್ಟೊತ್ತಿಗೆ ಇನ್ಯಾರೋ ಅವರ ಕೈ ಹಿಡಿದಿದ್ದರು.

ಅಬ್ಬಾ, ಮುಗಿಯಿತಲ್ಲ ಅಂತ ನನಗೆ ಹಗುರಾಯಿತು. ವಾಪಸು ಬಸ್ಸಿನಲ್ಲಿ ರೊಟ್ಟಿಯ ಬುತ್ತಿ ಬಿಚ್ಚಿ, "ಇನ್ನರೆ ಉಣ್ರಿ" ಅಂದೆ. ಅತ್ತೆ ರೊಟ್ಟಿ ಮುರಿದು ಮೊಮ್ಮಗಳಿಗೆ ಕೊಟ್ಟರು, ತಾವು ತಿನ್ನಲಿಲ್ಲ.

"ದಿನಾ ಸಂಜಿಗೆ ಅವರ ಹೆಸರಿಲೆ ದೇವರ ಮುಂದ ಒಂದು ದೀಪಾ ಹಚ್ಚತೇನಿ. ಅವರಿಗೆ ನಮ್ಮ ಮಾರಿ ಗುರ್ತನ ಇಲ್ಲ ನೋಡು" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಿಲ್ಲಸ್ರಿ ಆ ದೀಪಾ! ಇವತ್ತಿಂದನ ನಿಲ್ಲಸ್ರಿ" ಅಂದೆ.

ಅತ್ತೆ ಮೊಮ್ಮಗಳ ಬಾಯಿ ಒರೆಸುತ್ತ ನನ್ನನ್ನೇ ನೋಡಿದರು.

"ಯಾಕ? ಅವರಿಗೆ ನೆನಪಿಲ್ಲಂದ್ರ ಈಕಿ ಉಳದದ್ದು ಸುಳ್ಳಾಕ್ಕೈತೇನ?"