ಬ್ಯಾಡಗಿಯಲ್ಲಿ ನಾನು ಗಲ್ಲಿಗೇರಿದ ದಿನ

ಮೊನ್ನೆ ಹಾವೇರಿಯ ಶಾಲೆಯ ಗ್ಯಾದರಿಂಗಿನಲ್ಲಿ ನನ್ನ ಮೊಮ್ಮಗಳು ರಾಣಿಯ ಪಾರ್ಟು ಮಾಡಿದಳು. ಕೊನೆಗೆ ಆ ರಾಣಿ ಬಿಳಿಯರ ಸೆರೆಮನೆಯಲ್ಲಿ ಸಾಯಬೇಕು. ಹೇಗೆ ಸತ್ತಳು ಅಂತೀರಿ! ನನ್ನ ಹಿಂದೆ ಕುಳಿತ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗಾದ ಸಂತೋಷವನ್ನು ಯಾವ ಕೊಡದಲ್ಲಿ ತುಂಬಿಡಲಿ? ಬಸ್‌ಸ್ಟ್ಯಾಂಡಿನ ತನಕ ಸಿಕ್ಕವರಿಗೆಲ್ಲ ಹೇಳಿದೆ, ಗುತ್ತಲ ಬಸ್ಸಿನ ಕಂಡಕ್ಟರನನ್ನು ನಿಲ್ಲಿಸಿ ಅವನಿಗೂ ಹೇಳಿದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಕೈ ಇದು, ಬರೆದರೆ ಅಕ್ಷರ ಸೊಟ್ಟಗಾಗುತ್ತವೆ. ಆದರೂ ಬರೆಯದೆ ಇರಲಾರೆ. ಯಾಕೆಂದರೆ ಅವಳ ಕಣ್ಣು ನನ್ನ ಕಣ್ಣು. ಹಸಿರು, ಬೆಕ್ಕಿನ ಕಣ್ಣು. ಈ ಕಣ್ಣಿನ ದೆಸೆಯಿಂದ ನಾನು ನುಂಗಿದ ಕಹಿ ನನ್ನ ಅವ್ವನನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ.

ನಾನು ಬ್ಯಾಡಗಿಯವನು. ಅವ್ವ ವ್ಯಾಪಾರಿಗಳ ಗೋದಾಮಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಆ ಘಾಟಿನಲ್ಲೇ ನನ್ನ ತೊಟ್ಟಿಲು ತೂಗಿದ್ದು. ಹರೆಯಕ್ಕೆ ಬಂದ ಮೇಲೆ ನಾಟಕ ಕಂಪನಿಯೊಂದರಲ್ಲಿ ಪರದೆ ಎಳೆಯಲು ಸೇರಿದೆ. ಕಂಪನಿಯ ಮಾಲಕರು ನನ್ನ ಕೆಂಪು ಮೈ ನೋಡಿದರು, ಗದ್ದ ಹಿಡಿದೆತ್ತಿ ಕಣ್ಣು ನೋಡಿದರು.

"ಬಣ್ಣದ ಖರ್ಚ ಉಳೀತು ನೋಡ್ರಿ," ಎಂದರು ಸುತ್ತಲಿನವರಿಗೆ. "ದೇವರ ನಮಗೊಬ್ಬ ಸಾಹೇಬನ್ನ ಕಳಿಸ್ಯಾನ."

ಅಂದಿನಿಂದ ನಾನು ಇಂಗ್ಲಿಷ್ ಸಾಹೇಬನಾದೆ. ಹ್ಯಾಟು, ಬೂಟು, ಕೈಯಲ್ಲೊಂದು ಬೆತ್ತ. ಯಾವ ಊರಿಗೆ ಹೋಗಲಿ, ಯಾವ ನಾಟಕ ಆಡಲಿ, ಬಿಳಿಯ ಅಧಿಕಾರಿ ನಾನೇ. ನಿಜವಾದ ಬಿಳಿಯನನ್ನು ನಾನು ಕಣ್ಣಿಂದ ಕಂಡವನಲ್ಲ. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಒಬ್ಬ ಟಿ.ಸಿ. ಇದ್ದ, ಟಿಕೆಟ್ಟಿಲ್ಲದ ಬಡವರ ಮುಂದೆ ಹೊಟ್ಟೆ ಮುಂದೆ ಮಾಡಿ, ಅವರ ತಲೆಯ ಮೇಲಿಂದ ಎಲ್ಲೋ ನೋಡುತ್ತ ನಿಲ್ಲುತ್ತಿದ್ದ. ಸಾಹೇಬನ ನಿಲುವನ್ನು ಅವನಿಂದ ಕಲಿತೆ. ಚೆನ್ನಾಗಿಯೇ ಕಲಿತೆನೆಂದು ಕಾಣುತ್ತದೆ, ಜನ ಚಪ್ಪಲಿ ಎಸೆಯುತ್ತಿದ್ದರು. ಮಾಲಕರಿಗೆ ಅದರಿಂದ ಸಂತೋಷ.

ನಾಯಕನ ಪಾರ್ಟು ಮಾಡುವವನನ್ನು ಊರಿನ ಗೌಡರು ಊಟಕ್ಕೆ ಕರೆಯುವರು, ಶಾಲು ಹೊದಿಸುವರು. ನನಗೆ ಚಹಾದ ಅಂಗಡಿಯವನೂ ಬೆಂಚು ತೋರಿಸುತ್ತಿರಲಿಲ್ಲ.

"ನಿನ್ನೆ ಆ ಮುದುಕಿ ಹೊಲಾ ಕಸಗೊಂಡ್ಯಲ್ಲಪಾ," ಎನ್ನುವನು, ನಗದೆಯೇ. "ಇವತ್ತ ನಮ್ಮ ಚಾ ಯಾಕ ಬೇಕು? ನಿಮ್ಮ ವಿಲಾಯತಿಗೆ ಹೋಗಿ ಕುಡಿ."

ಹೀಗೆ ವರ್ಷಗಳು ಹೋದವು. ಅವ್ವ ಒಂದು ಸಲವೂ ನಾಟಕಕ್ಕೆ ಬರಲಿಲ್ಲ. "ಮಂದಿ ನಿನಗ ಶಾಪಾ ಹಾಕೂದನ್ನ ನಾ ಕುಂತು ಕೇಳ್ಲೇನು?" ಎನ್ನುತ್ತಿದ್ದಳು. ನನಗಿದ್ದ ಆಸೆ ಒಂದೇ. ಒಮ್ಮೆ, ಒಂದೇ ಒಂದು ಸಲ ಒಳ್ಳೆಯವನಾಗಿ ರಂಗದ ಮೇಲೆ ನಿಲ್ಲಬೇಕು, ಅದನ್ನು ಅವ್ವ ನೋಡಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಂಪನಿ ಬ್ಯಾಡಗಿಯಲ್ಲಿ ತಗಡಿನ ಥೇಟರು ಹಾಕಿತು, ಮೆಣಸಿನಕಾಯಿ ಮಾರ್ಕೆಟ್ಟಿನ ಮಗ್ಗುಲಲ್ಲೇ. ಕಂದಾಯ ಕೊಡಲೊಲ್ಲದ ಬಂಡಾಯಗಾರನನ್ನು ಸಾಹೇಬ ಗಲ್ಲಿಗೇರಿಸುವ ನಾಟಕ. ಸುಗ್ಗಿಯ ಕಾಲ, ಚೀಲ ಎತ್ತಿ ಇಳಿಸಿದಾಗೆಲ್ಲ ಗಾಳಿಯಲ್ಲಿ ಖಾರ. ಪ್ರೇಕ್ಷಕರು ಸೀನುತ್ತಲೇ ನಾಟಕ ನೋಡುವರು, ನಟರು ಕೆಮ್ಮುತ್ತಲೇ ಮಾತಾಡುವರು. ನಮ್ಮ ನಾಯಕ ಬೇರೆ ಸೀಮೆಯವನು. ಒಂದು ತಿಂಗಳು ಹೇಗೋ ಎಳೆದ. ಒಂದು ಐತವಾರ ಬೆಳಿಗ್ಗೆ ಎದ್ದಾಗ ಗಂಟಲಿನಿಂದ ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಮಧ್ಯಾಹ್ನದ ಆಟಕ್ಕೆ ಟಿಕೆಟ್ಟೆಲ್ಲ ಹೋಗಿದ್ದವು. ಆ ಪಾರ್ಟು ಬಾಯಿಪಾಠ ಇದ್ದದ್ದು ನನಗೊಬ್ಬನಿಗೆ. ಘಾಟು ತಡೆಯುವ ಗಂಟಲೂ ನನ್ನದೊಂದೇ.

"ಇವತ್ತೊಂದಿನ ನೀನ ಮಾಡು," ಎಂದರು ಮಾಲಕರು, ಬೇರೆ ದಾರಿ ಇಲ್ಲದ ದನಿಯಲ್ಲಿ.

ಸಾಹೇಬನ ಹ್ಯಾಟು ನಮ್ಮ ಅಡಿಗೆಯವನ ತಲೆಗೆ ಹೋಯಿತು. ಅವನು ಕಪ್ಪು, ಕಡ್ಡಿಯಂಥವನು. ಮುಖಕ್ಕೆ ಸಫೇತಿಯ ಬಿಳಿ ಬಣ್ಣ ಬಳಿದರೆ ಸುಣ್ಣ ಹೊಡೆದ ಕಂಬದಂತೆ ಕಂಡ. ನಾನು ಅವ್ವನ ಮನೆಗೆ ಓಡಿದೆ. "ಇವತ್ತ ನಾ ಚಲೋ ಮನಶ್ಯಾ ಅದೇನಿ. ಬಾ ಬೇ," ಎಂದೆ. ಅವಳು ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ತೊಟ್ಟು ಮುರಿಯುವ ಗೆಳತಿಯರನ್ನೂ ಮನೆಮನೆಗೆ ಹೋಗಿ ಎಬ್ಬಿಸಿಕೊಂಡು ಬಂದಳು, ಚಾಪೆಯ ಮುಂದಿನ ಸಾಲಿನಲ್ಲಿ ಎಲ್ಲರನ್ನೂ ಕೂಡಿಸಿದಳು.

ಪರದೆ ಎದ್ದಿತು. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ನಾನು ಬಂದೆ. ತಿಂಗಳಿನಿಂದ ನನ್ನನ್ನು ಬಯ್ಯುತ್ತಿದ್ದ ಹಮಾಲರು ಅಲ್ಲಿ ಕಿಕ್ಕಿರಿದಿದ್ದರು. ಎಲ್ಲರೂ ಕತ್ತು ಚಾಚಿ ನನ್ನ ಕಣ್ಣು ನೋಡಿದರು.

"ಲೇ, ಇಂವ ಸಾಹೇಬ ಅದಾನಲೇ," ಎಂದ ಒಬ್ಬ. "ವೇಷ ಬದಲಿ ಮಾಡ್ಕೊಂಡು ಬಂದಾನ."

"ಮತ್ತ ಆ ಕುರ್ಚಿ ಮ್ಯಾಲೆ ಕುಂತಾಂವ ಯಾರು?"

"ಅಂವ ಇವನ ಬಟ್ಲರ್. ತನ್ನ ಹ್ಯಾಟ ಅಂವಗ ಕೊಟ್ಟು, ಇಂವ ಕಂಬಳಿ ಹೊತ್ಕೊಂಡು ನಮ್ಮ ಮಂದ್ಯಾಗ ಹೊಕ್ಕಾನ. ಖರೇ ಬಂಡಾಯಗಾರನ್ನ ಹಿಡ್ಯಾಕ. ಹೊಸಾ ಸೀನ ಕೂಡಿಸ್ಯಾರ, ಸುಮ್ನ ನೋಡಲೇ."

ಕತೆ ಹೀಗೆಯೇ ಎಂದು ಇಡೀ ಥೇಟರು ಒಪ್ಪಿಕೊಂಡುಬಿಟ್ಟಿತು. ನಾನು ತಾಯ್ನೆಲದ ಮಾತಾಡಿದರೆ "ನಾಟಕಾ ಮಾಡತಾನ ಮಗಾ" ಎಂದು ನಕ್ಕರು. ಹೆಂಡತಿಯ ಪಾರ್ಟಿನವಳು ನನಗೆ ರೊಟ್ಟಿ ಕಟ್ಟಿಕೊಟ್ಟರೆ "ಕೊಡಬ್ಯಾಡ ತಂಗೀ, ಅಂವ ನಿನ್ನ ಗಂಡ ಅಲ್ಲ" ಎಂದು ಕೂಗಿದರು. ನಾನು ದನಿ ಏರಿಸಿದೆ, ಎದೆ ಬಡಿದುಕೊಂಡೆ. ಎಷ್ಟು ಚೆನ್ನಾಗಿ ಮಾಡಿದೆನೋ ಅಷ್ಟು ಕಪಟಿಯಾಗಿ ಕಂಡೆ.

ಕೊನೆಗೆ ಗಲ್ಲು. ತಿಂಗಳುದ್ದಕ್ಕೂ ಹೆಂಗಸರು ಬಿಕ್ಕಿದ ಜಾಗ ಅದು. ನನ್ನ ಕೊರಳಿಗೆ ಹಗ್ಗ ಬಿದ್ದಿತು. ಸಾಹೇಬ ತಾನು ತೋಡಿದ ಕುಣಿಯಲ್ಲಿ ತಾನೇ ಬಿದ್ದನೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು, ರುಮಾಲು ತೂರಿದರು. ನನ್ನ ಕೊನೆಯ ಮಾತು ನನಗೇ ಕೇಳಲಿಲ್ಲ. ಆ ಗದ್ದಲದಲ್ಲಿ ಅವ್ವ ಒಬ್ಬಳೇ ಕುಳಿತಿದ್ದಳು. ಗೆಳತಿಯರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು.

ಹೊರಗೆ ಬಂದಾಗ ಅವಳು ನನ್ನ ಮುಖ ನೋಡಲಿಲ್ಲ. "ನನ್ನ ಮಗನ ಕೊರಳಿಗೆ ಹಗ್ಗಾ ಬಿದ್ರ ನಗತಾರಲ್ಲೋ," ಎಂದಳು. "ನಾಳೆ ಗೋದಾಮಿನ್ಯಾಗ ಅವರ ಸಂಗಾಟ ಹೆಂಗ ಕುಂದ್ರಲಿ?" ಮತ್ತೆಂದೂ ಅವಳು ಥೇಟರಿನತ್ತ ಬರಲಿಲ್ಲ. ಮಾಲಕರು ಹ್ಯಾಟನ್ನು ತಂದು ನನ್ನ ಮಡಿಲಿಗೆ ಹಾಕಿದರು. "ನಿನ್ನ ಟೊಪಗಿ ನಿನಗ ಚಂದಪಾ," ಎಂದರು. ಆ ಮಾತು ಇಂದಿಗೂ ಎದೆಯಲ್ಲಿ ಮುಳ್ಳಿನಂತೆ ಇದೆ.

ಮುಂದೆ ಮನೆಮನೆಗೆ ಟಿವಿ ಬಂತು, ಕಂಪನಿ ತಗಡು ಮಾರಿ ಮುಚ್ಚಿತು. ರಾಣೆಬೆನ್ನೂರಿನಲ್ಲಿ ಬೀಜದ ಪಾಕೀಟು ಹೊಲಿಯುವ ಕೆಲಸ ಹಿಡಿದೆ. ಅವ್ವ ಹೋದಳು. ಅವಳು ಹೋದ ಮೇಲೆ ಈ ಮೊಮ್ಮಗಳು ಹುಟ್ಟಿ ಕಣ್ಣು ತೆರೆದಳು, ಅದೇ ಹಸಿರು ಕಣ್ಣು. ಎಲ್ಲರೂ ಪೇಢೆ ಹಂಚುತ್ತಿದ್ದರೆ ನಾನು ಹಿತ್ತಲಿಗೆ ಹೋಗಿ ಕುಳಿತೆ.

ಹಾಗಾಗಿ ಮೊನ್ನೆ ಅವಳು ಕತ್ತಿ ಹಿಡಿದು ರಂಗಕ್ಕೆ ಬಂದಾಗ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಈಗ ನಗುತ್ತಾರೆ, ಈಗ ಯಾರೋ ಒಬ್ಬ ಕೂಗುತ್ತಾನೆ ಎಂದು ಕಾದೆ. ಹಿಂದಿನಿಂದ ಒಬ್ಬ ಹೆಂಗಸಿನ ದನಿ ಬಂತು. "ಆ ಹುಡುಗಿ ಕಣ್ಣ ನೋಡಬೇ. ರಾಣಿ ಅಂದ್ರ ಹಿಂಗಿರಬೇಕ." ಕಣ್ಣು ಅದೇ. ಜನರೂ ಇದೇ ಸೀಮೆಯವರು. ನನಗೆ ಯಾಕೆ ಇಲ್ಲ, ಅವಳಿಗೆ ಯಾಕೆ ಉಂಟು, ನನಗೆ ತಿಳಿಯದು. ಅವ್ವ ಇರಬೇಕಿತ್ತು.

ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿ ಅವಳ ಬಣ್ಣ ಒರೆಸುತ್ತಿದ್ದೆ.

"ಯಜ್ಜಾ, ನಾ ಸತ್ತಾಗ ಮಂದಿ ಅತ್ರು, ಹೌದಿಲ್ಲೋ?"

"ಅತ್ರವ್ವಾ."

"ನೀನೂ ಒಮ್ಮೆ ನಾಟಕದಾಗ ಸತ್ತಿದ್ದ್ಯಂತ. ಅಪ್ಪ ಹೇಳ್ಯಾನ. ಆವಾಗ ಮಂದಿ ಏನ ಮಾಡಿದ್ರು?"

"ಚಪ್ಪಾಳಿ ಹೊಡದ್ರು."

"ಎಲ್ಲಾರೂ?"

"ಒಬ್ಬಾಕಿನ್ನ ಬಿಟ್ಟು ಎಲ್ಲಾರೂ."

ಅವಳ ಮುಖ ಸಣ್ಣದಾಯಿತು. "ನಾ ಸತ್ತಾಗ ಒಬ್ರೂ ಚಪ್ಪಾಳಿ ಹೊಡೀಲಿಲ್ಲ," ಎಂದಳು. "ಹಂಗಾರ ನೀನ ನನಗಿಂತ ಚಲೋ ಸತ್ತೀದಿ."

"ಕಣ್ಣ ಮುಚ್ಚವ್ವಾ," ಎಂದೆ. "ಎಣ್ಣಿ ಹೋಗತೈತಿ."