ಆಣೆ ಬೇಡವೆಂದ ಭಾನುವಾರದ ಸಭೆ

೧೯೮೪ನೇ ಇಸವಿ, ಜೂನ್ ೧೦, ಭಾನುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಸಿರುಗುಪ್ಪದ ಬಸ್ಸಿನಿಂದ ಮಾವ ಬಳ್ಳಾರಿಯಲ್ಲಿ ಇಳಿದರು. ಬಳ್ಳಾರಿಯಲ್ಲೇ ಇದ್ದ ನಾನು ನಿಲ್ದಾಣದಲ್ಲಿ ಕಾಯುತ್ತಿದ್ದೆ. ಮಾವ ಎಂದರೆ ನನ್ನ ಅಕ್ಕನ ಗಂಡ, ಅಕ್ಕಿ ಗಿರಣಿಯ ಫಿಟ್ಟರ್. ಹಿಂದಿನ ತಿಂಗಳು ಮಾವನ ಕುಡಿತ ತಾಳಲಾರದೆ ಅಕ್ಕ ಮಗಳನ್ನು ಕರೆದುಕೊಂಡು, ಟ್ರಂಕು ಹೊರಿಸಿಕೊಂಡು ಕುರುಗೋಡಿಗೆ, ನಮ್ಮ ಅವ್ವನ ಮನೆಗೆ ಬಂದುಬಿಟ್ಟಿದ್ದಳು. ಅವರು ಕುಡಿತ ಬಿಟ್ಟರೆ ಮಾತ್ರ ವಾಪಸು ಹೋಗುತ್ತೇನೆ ಎಂದಿದ್ದಳು.

ಬಿಡುತ್ತೇನೆಂದು ಮಾವ ಅದಕ್ಕೆ ಮೊದಲೇ ಏಳು ಸಲ ಆಣೆ ಮಾಡಿದ್ದರು. ಎರಡು ಸಲ ಮಗಳ ತಲೆಯ ಮೇಲೆ, ನಾಲ್ಕು ಬೇರೆ ಬೇರೆ ದೇವರ ಮುಂದೆ, ಒಂದು ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು. ಹೊಳೆಯ ಆಣೆ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿತು, ಹನ್ನೊಂದು ದಿನ.

ಕುಡಿತ ಬಿಡುವವರು ಭಾನುವಾರ ಹತ್ತು ಗಂಟೆಗೆ ಕೌಲ್ ಬಜಾರಿನ ಕಡೆ ಒಂದು ಶಾಲೆಯ ಕೋಣೆಯಲ್ಲಿ ಸೇರುತ್ತಾರೆಂದು ಆಸ್ಪತ್ರೆಯ ಕಾಂಪೌಂಡರ್ ನನಗೆ ಹೇಳಿದ್ದರು. ಬೋರ್ಡು ಇರಲಿಲ್ಲ. ಬೀಡಾ ಅಂಗಡಿಯಲ್ಲಿ ಕೇಳಿದೆ.

"ಕುಡಿಯೋರ ಸಂಘ ಎಲ್ಲೈತ್ರೀ?"

"ಕುಡಿಯಾಕ ಸಂಘ ಯಾಕಪ? ಒಬ್ಬನ ಕುಡಿಬೋದು," ಎಂದು ಅಂಗಡಿಯವನು ಸಾರಾಯಿ ಅಂಗಡಿಯ ದಾರಿ ತೋರಿಸಿದ.

ಮಾವ ಆ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟಿದ್ದರು. "ಬಿಡೋರ ಸಂಘ" ಎಂದು ನಾನು ತಿದ್ದಿದ ಮೇಲೆ ಅವನು ಕೈಯನ್ನು ಎದುರು ದಿಕ್ಕಿಗೆ ತಿರುಗಿಸಿದ.

ಕೋಣೆಯಲ್ಲಿ ಎಂಟು ಜನ ಒಂದನೇ ತರಗತಿಯ ಬೆಂಚುಗಳ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಅಲ್ಲಿ ಹೆಸರು ಹೇಳಬಾರದು ಎಂಬ ನಿಯಮ. ನಮ್ಮ ಕಡೆಯವರಿಗೆ ಏನಾದರೂ ಕರೆಯದೆ ಮಾತು ಹೊರಡುವುದಿಲ್ಲ, ಹಾಗಾಗಿ ಊರಿನಿಂದ ಕರೆಯುತ್ತಿದ್ದರು. ಹಚ್ಚೊಳ್ಳಿ ಇದ್ದರು, ಸಿರಿಗೇರಿ ಇದ್ದರು. ಸಿರುಗುಪ್ಪ ಆಗಲೇ ಒಬ್ಬರಿದ್ದುದರಿಂದ ಮಾವ ಹೊಸ ಸಿರುಗುಪ್ಪ ಆದರು.

ಸಭೆ ನಡೆಸುವ ಹಿರಿಯರು ಚಹದ ಕೆಟಲ್ ಹಿಡಿದು ಬಂದು, "ತಗೊಂತೀರೇನ್ರಿ?" ಎಂದರು.

"ಅದಕ್ಕ ಇಲ್ಲಿಗಿ ಬಂದೀನಲ್ರಿ," ಎಂದರು ಮಾವ, ತಲೆ ತಗ್ಗಿಸಿ.

ನಗು ನಿಂತ ಮೇಲೆ ಮಾವನ ಸರದಿ ಬಂತು. ಅವರು ಎದ್ದು ನಿಂತವರೇ ನನ್ನ ತಲೆಯ ಮೇಲೆ ಕೈಯಿಟ್ಟರು. "ಈ ಹುಡುಗನ ಆಣಿಗೂ, ಇವತ್ತಿಂದ..."

"ಕೈ ತಗೀರಿ," ಎಂದರು ಹಿರಿಯರು. "ಇಲ್ಲಿ ಆಣಿ ಮಾಡಂಗಿಲ್ಲ."

"ಮತ್ತ ಹೆಂಗ ಬಿಡಾದ್ರಿ?"

"ಇವತ್ತು ರಾತ್ರಿ ಮಲಕ್ಕೊಳ್ಳೋತನ ಕುಡಿಬ್ಯಾಡ್ರಿ. ನಾಳಿದು ನಾಳಿ ನೋಡೂನು."

ಹಳೇ ಸಿರುಗುಪ್ಪ ಬಾಯಿ ಹಾಕಿದರು. "ನಾ ಮೂರು ದೇವ್ರ ಮ್ಯಾಲ ಆಣಿ ಮಾಡಿ ಕುಡುದೀನ್ರಿ. ಈಗ ಮೂರು ಗುಡಿಗೂ ಹೋಗಾಕ ಮಾರಿ ಇಲ್ಲ. ಸುತ್ತು ಹಾಕ್ಕೊಂಡು ಮನಿಗೆ ಹೋಗ್ತೀನಿ."

ಮಾವ ಕೂತರು. ಸೆಪ್ಟೆಂಬರ್ ನಡುವಿನವರೆಗೆ ಹದಿನೈದು ಭಾನುವಾರಗಳಲ್ಲಿ ಹದಿಮೂರಕ್ಕೆ ಬಂದರು. ನಡುವೆ ಒಂದು ದಿನ ಕುಡಿದರು. ಅದನ್ನೂ ಮುಂದಿನ ಭಾನುವಾರ ತಾವೇ ಹೇಳಿದರು.

ಸೆಪ್ಟೆಂಬರ್ ೨೦, ಗುರುವಾರ, ಅಕ್ಕನನ್ನು ಕರೆಯಲು ಕುರುಗೋಡಿಗೆ ಹೋದೆವು. ಅವ್ವ ತಟ್ಟೆಯಲ್ಲಿ ತೆಂಗಿನಕಾಯಿ, ಕರ್ಪೂರ ಜೋಡಿಸಿಟ್ಟಿದ್ದಳು. ಬಸವಣ್ಣನ ಗುಡಿಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡಿದರೆ ಮಗಳನ್ನು ಕಳಿಸುವುದಾಗಿ ಹೇಳಿದಳು.

"ಆಣಿ ಮಾಡಂಗಿಲ್ಲ, ಅತ್ತಿ," ಎಂದರು ಮಾವ.

"ಬಿಟ್ಟಿದ್ರ ಆಣಿ ಮಾಡಾಕೇನು ಧಾಡಿ?"

"ಬಿಟ್ಟೀನಂತ ಹೇಳಾಕ ಬರಂಗಿಲ್ಲ. ಇವತ್ತು ಕುಡುದಿಲ್ಲ, ಅಷ್ಟ."

ಆಗ ಬೆಳಿಗ್ಗೆ ಹತ್ತು ಗಂಟೆ.

ಅವ್ವ ನನ್ನ ಕಡೆ ತಿರುಗಿದಳು. "ಕೇಳಿದೇನಲೇ? ಹಲ್ಲುಜ್ಜಿ ಎರಡು ತಾಸು ಆಗಿಲ್ಲ, ಇವತ್ತು ಕುಡುದಿಲ್ಲಂತ ಅಳಿಯಾರು! ಓಣಿಗೆಲ್ಲ ಸಕ್ಕರಿ ಹಂಚ್ಲೇನು?"

ಸಭೆಯ ನಿಯಮವನ್ನು ನಾನು ವಿವರಿಸಿದೆ. ಆಣೆ ಮಾಡಬೇಡಿ ಎಂದು ಹೇಳುವವರು ಕುಡುಕರೇ ಇರಬೇಕೆಂದು ಅವ್ವ ಅಂದಳು. ಅದು ನಿಜವೇ ಆಗಿತ್ತು.

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ನಾಳಿ?" ಎಂದು ಮಾವನನ್ನು ಕೇಳಿದಳು.

"ಗೊತ್ತಿಲ್ಲ."

ಅಕ್ಕ ಮಾವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆಣಿ ಮಾಡೋವಾಗ ಒಂದು ಸಲನೂ ಇವರು ಇಷ್ಟು ಅಂಜಿದ್ದಿಲ್ಲವ್ವಾ," ಎಂದಳು. "ಹನ್ನೊಂದರ ಬಸ್ಸಿಗೆ ಹೋಗ್ತೀನಿ. ಟ್ರಂಕು ಇಲ್ಲೇ ಇರ್ಲಿ."

ಒಂದು ಕೈಚೀಲದಲ್ಲಿ ಎರಡು ಸೀರೆ, ಮಗಳ ನಾಲ್ಕು ಲಂಗ ಹಾಕಿಕೊಂಡು ಸಿರಿಗೇರಿ ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸು ಹತ್ತಿದಳು. ಅವ್ವ ಮಾವನಿಗೆ ತೆಂಗಿನಕಾಯಿ ಕೊಡಲಿಲ್ಲ, ಮಧ್ಯಾಹ್ನ ಚಟ್ನಿ ಮಾಡಿದಳು.

ಇದನ್ನು ಬರೆಯುತ್ತಿರುವುದು ಎರಡು ವರ್ಷದ ನಂತರ. ಅಕ್ಕ ಸಿರುಗುಪ್ಪದಲ್ಲೇ ಇದ್ದಾಳೆ. ಟ್ರಂಕು ಕುರುಗೋಡಿನಲ್ಲಿದೆ. ಈ ಬೇಸಿಗೆಯಲ್ಲಿ ಶಾಲೆಯವರು ಆ ಕೋಣೆಯನ್ನು ಹೊಲಿಗೆ ತರಗತಿಗೆ ಕೊಟ್ಟರು. ಗಿರಣಿಯ ಕೆಲಸ ಹೆಚ್ಚಾಗಿ ಮಾವ ಮೂರು ವಾರ ಬರಲಾಗದಿದ್ದಾಗಲೇ ಸಭೆ ಬೇರೆಡೆಗೆ ಹೋಯಿತು. ಎಲ್ಲಿಗೆಂದು ಶಾಲೆಯವರಿಗೂ ಕಾಂಪೌಂಡರಿಗೂ ಗೊತ್ತಿಲ್ಲ, ಹಳೇ ಸಿರುಗುಪ್ಪ ಈಗ ಊರಲ್ಲಿಲ್ಲ. ಯಾರ ಹೆಸರೂ ಗೊತ್ತಿಲ್ಲದ್ದರಿಂದ ಯಾರನ್ನು ಕೇಳುವುದೆಂದು ತಿಳಿಯುತ್ತಿಲ್ಲ. ಮಾವ ಈಗಲೂ ಭಾನುವಾರ ಬಳ್ಳಾರಿಗೆ ಬಂದು, ಓಣಿ ಓಣಿ ತಿರುಗಿ, ಸಂಜೆ ಬಸ್ಸಿಗೆ ವಾಪಸು ಹೋಗುತ್ತಾರೆ. ಹೋದ ಭಾನುವಾರ ಬಸ್ ನಿಲ್ದಾಣದಲ್ಲಿ, ತಮಗೆ ಭಯವಾಗುತ್ತಿದೆ ಎಂದರು. ಆ ಸಭೆ ಈಗ ಎಲ್ಲಿ ಸೇರುತ್ತದೆ ಎಂದು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಓಣಿ ಮತ್ತು ಹೊತ್ತು ತಿಳಿಸಿದರೆ ಸಾಕು. ಭಾನುವಾರಕ್ಕೆ ಮೊದಲು ತಲುಪಿದರೆ ಒಳ್ಳೆಯದು.